ಬಿಲ್ಲೆ ಯಾರ ಹತ್ರ ಇದೆ

"ಕಿವುಡನ ಮಗನ ಕೈಗೆ ಸದ್ದಿನ ಕೆಲಸ ಕೊಟ್ಟೆ ನೋಡಿ, ನನ್ನ ಬುದ್ಧಿಗೆ ಏನು ಹೇಳ್ಬೇಕು," ಎಂದ ವಿನ್ಯಾಸಕ. ಕೂಗಿ ಹೇಳಲಿಲ್ಲ. ಆತ ಯಾವತ್ತೂ ಕೂಗುವವನಲ್ಲ. ಊಟಕ್ಕೆ ಬಂದವರ ಮುಂದೆ ಸಾರಿಗೆ ಉಪ್ಪು ಸಾಲದು ಎಂದು ಕ್ಷಮೆ ಕೇಳುವ ಹಾಗೆ, ನಗುತ್ತಲೇ ಹೇಳಿದ. ಎದುರಿಗೆ ಹನ್ನೊಂದು ಜನ ಇದ್ದರು. ಮಿಲ್ಲಿನ ಹಳೆಯ ಯಜಮಾನರ ಮೊಮ್ಮಗಳು, ಆಕೆಯ ಜೊತೆ ಬಂದವರು ಮೂವರು, ಫೋಟೋದವನು, ಬಣ್ಣದ ಕೆಲಸದವರು, ಏಣಿಯ ಮೇಲೆ ಎಲೆಕ್ಟ್ರಿಷಿಯನ್. ಆಗಷ್ಟೇ ಕಿವಿಯಿಂದ ಬೆರಳು ತೆಗೆದಿದ್ದ ಮೊಮ್ಮಗಳು ನಗಬೇಕೋ ಬೇಡವೋ ಎಂದು ಒಂದು ಗಳಿಗೆ ಅಕ್ಕಪಕ್ಕ ನೋಡಿ, ನಕ್ಕಳು. ಆಮೇಲೆ ಉಳಿದವರಿಗೂ ಧೈರ್ಯ ಬಂತು. ಎಲೆಕ್ಟ್ರಿಷಿಯನ್ ಮಾತ್ರ ನಗಲಿಲ್ಲ; ಕೈಯಲ್ಲಿದ್ದ ವೈರನ್ನು ಅದರಲ್ಲಿ ಏನೋ ಬರೆದಿದೆ ಎಂಬಂತೆ ತಿರುಗಿಸಿ ತಿರುಗಿಸಿ ನೋಡತೊಡಗಿದ. ಸದ್ದಿನ ಕೆಲಸದ ಹುಡುಗನಿಗೆ ನಗುವಿಗಿಂತ ಅದು ಹೆಚ್ಚು ಉರಿಯಿತು. ಅವನಿಗೆ ಆ ಮಾತು ಎರಡೆರಡು ಸಲ ತಗುಲಿತ್ತು. ಸದ್ದು ಕಿವಿಗೆ ಬೀಳುವ ಮೊದಲೇ ತುಟಿಯಲ್ಲಿ ಕಂಡಿತ್ತು: 'ಕಿ' ಎನ್ನುವಾಗ ಬಾಯಿ ಅಗಲವಾಯಿತು, 'ವು' ಎನ್ನುವಾಗ ತುಟಿ ಮುಂದಕ್ಕೆ ಬಂತು, ಅಷ್ಟು ಸಾಕಾಗಿತ್ತು. ಬೇರೆಯವರಿಗೆ ಅವಮಾನ ಕೇಳಿಸಿದ ಮೇಲೆ ಆಗುತ್ತದೆ. ಅವನಿಗೆ ಅದು ಬರುವ ದಾರಿಯಲ್ಲೇ ಕಾಣುತ್ತದೆ, ಬಸ್ಸು ಬರುವುದು ಕಂಡ ಹಾಗೆ, ಮತ್ತು ಪಕ್ಕಕ್ಕೆ ಸರಿಯಲು ಮಾತ್ರ ಆಗುವುದಿಲ್ಲ.

ತಪ್ಪೇನಿತ್ತು? ನೇಯ್ಗೆ ಹಾಲ್ ಎಂದು ಹೆಸರಿಟ್ಟ ಕೋಣೆಯಲ್ಲಿ, ಬೆಳಗಿನ ಪರೀಕ್ಷೆಗೆ, ಅವನು ಮಗ್ಗದ ಸದ್ದನ್ನು ಮಗ್ಗದಷ್ಟೇ ಇಟ್ಟಿದ್ದ. ಮುಚ್ಚಿದ ಮಿಲ್ಲನ್ನು ಹದಿನಾಲ್ಕು ವರ್ಷ ಪಾರಿವಾಳಗಳಿಗೆ ಬಿಟ್ಟು, ಈಗ ಇದ್ದಕ್ಕಿದ್ದಂತೆ ಅದನ್ನು ಅನುಭವ ಕೇಂದ್ರ ಮಾಡುತ್ತಿದ್ದರು. ಐದು ಕೋಣೆ, ಐದು ಇಂದ್ರಿಯ. ನೋಡುವುದಕ್ಕೊಂದು, ಕೇಳುವುದಕ್ಕೊಂದು, ಮುಟ್ಟುವುದಕ್ಕೊಂದು, ಮೂಸುವುದಕ್ಕೊಂದು, ರುಚಿಗೊಂದು. ಮೂಸುವ ಕೋಣೆಯಲ್ಲಿ ಗೋಡೆಯ ಸಣ್ಣ ತೂತುಗಳಿಂದ ಹೊಸ ಬಟ್ಟೆಯ ಪರಿಮಳ ಬರುತ್ತಿತ್ತು. ಎಣ್ಣೆ, ಹುಳಿತ ಗಂಜಿ, ಇನ್ನೂರು ಜನರ ಬೆವರು ಇವು ಪಟ್ಟಿಯಲ್ಲಿದ್ದವು, ಎರಡನೇ ಸಭೆಯಲ್ಲಿ ಬಿಟ್ಟುಹೋದವು. ರುಚಿಯ ಕೋಣೆಯಲ್ಲಿ ಹತ್ತಿಯಷ್ಟು ಹಗುರವಾದ ಬಿಳಿ ಸಕ್ಕರೆ ಮಿಠಾಯಿ. ಅಪ್ಪನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಣ್ಣ ಕಚ್ಚು ಇದೆ. ಲಾಳಿಯ ಕಣ್ಣಿಗೆ ಬಾಯಿ ಇಟ್ಟು ದಾರವನ್ನು ಉಸಿರಿನಿಂದ ಈಚೆಗೆ ಎಳೆದೂ ಎಳೆದೂ ಆದದ್ದು. ಬೇರೆಯವರ ಎಂಜಲಾಗಿದ್ದ ಲಾಳಿ, ಎಣ್ಣೆ, ಧೂಳು, ಅದರ ರುಚಿ ಹೇಗಿತ್ತು ಎಂದು ಸಣ್ಣವನಿದ್ದಾಗ ಕೇಳಿದರೆ ಅಪ್ಪ ಯೋಚಿಸಿ, ತುಟಿಯಲ್ಲೇ, 'ಬಾಗಿಲ ಚಿಲಕ ನೆಕ್ಕಿದ ಹಾಗೆ' ಎಂದಿದ್ದ. ಅವನು ಹೋಗಿ ಚಿಲಕ ನೆಕ್ಕಿ ನೋಡಿದ್ದ.

ವಿನ್ಯಾಸಕ ಗಾಜಿನ ಗೂಡಿಗೆ ಬಂದ. ಸದ್ದು, ಬೆಳಕು, ಚಿತ್ರ ಎಲ್ಲದರ ಗುಂಡಿಗಳೂ ಇರುವ, ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕಾದ ಜಾಗ ಅದು. ಜೇಬಿನಿಂದ ಕೆಂಪು ಟೇಪು ತೆಗೆದು ಸದ್ದಿನ ಗುಂಡಿಯ ಪಕ್ಕ ಒಂದು ಚೂರು ಅಂಟಿಸಿದ.

"ಇದರಿಂದ ಮೇಲೆ ಹೋಗ್ಬಾರ್ದು. ಮಳೆ ಥರ ಇರ್ಬೇಕು ಅಂತ ಎಷ್ಟು ಸಲ ಹೇಳಿದೀನಿ? ಜನ ಕಣ್ಣು ಮುಚ್ಕೋಬೇಕು ಕಣಪ್ಪ, ಕಿವಿ ಅಲ್ಲ."

"ಮಗ್ಗ ಹಿಂಗೇ ಇತ್ತು ಸರ್. ಅಳತೆ ಮಾಡೇ ಇಟ್ಟಿದೀನಿ. ನೂರಾ ಎರಡು ಡೆಸಿಬೆಲ್."

"ಹೇಗಿತ್ತು ಅಂತ ಯಾರು ಕೇಳಿದ್ರು? ಹೇಗೆ ಅನ್ನಿಸ್ಬೇಕು ಅನ್ನೋದು ನಮ್ಮ ಕೆಲಸ." ಆಮೇಲೆ ಹೆಗಲ ಮೇಲೆ ಕೈಯಿಟ್ಟು, "ಆ ಮಾತಿಗೆ ಬೇಜಾರು ಮಾಡ್ಕೋಬೇಡ. ತಮಾಷೆಗೆ ಅಂದೆ. ನಿಮ್ಮಪ್ಪ ಅಂದ್ರೆ ನನಗೆ ಎಷ್ಟು ಗೌರವ ಅಂತ ನಿನಗೇ ಗೊತ್ತು. ಸಂಜೆ ನಾಲ್ಕಕ್ಕೆ ಎಲ್ಲಾ ಹಳಬರೂ ಬರ್ತಾರೆ, ಅವರ ಮುಂದೆ ನಿಮ್ಮಪ್ಪನೇ ಹೀರೋ."

ಕೈ ಹೋದ ಮೇಲೂ ಹೆಗಲ ಮೇಲೆ ಅದರ ಬಿಸಿ ಉಳಿಯಿತು. ಅವನು ಅಂಗಿ ಒದರಿಕೊಂಡ. ಅಪ್ಪ ಕಿವುಡ ಎಂದು ಆತನಿಗೆ ಹೇಳಿದವರು ಯಾರು? ಊರೆಲ್ಲ ಡಂಗುರ ಸಾರಿರಲಿಲ್ಲ. ಇವನೇ ಹೇಳಿದ್ದು. ಕೆಲಸಕ್ಕೆ ಸೇರಿದ ಎರಡನೇ ವಾರ, ಟೀ ಅಂಗಡಿಯ ಮುಂದೆ, ಕೇಳುವವನು ಸಿಕ್ಕಿದ ಎಂಬ ಒಂದೇ ಸಂತೋಷಕ್ಕೆ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಬಿಟ್ಟಿದ್ದ. ಮಿಲ್ಲಿನಲ್ಲಿ ಯಾರಿಗೂ ಯಾರ ದನಿಯೂ ಕೇಳುತ್ತಿರಲಿಲ್ಲ ಸರ್, ಅದಕ್ಕೆ ತುಟಿಯಲ್ಲೇ ಮಾತು. ದನಿ ಬೇಡ, ಬಾಯಿ ಮಾತ್ರ ದೊಡ್ಡದಾಗಿ ಆಡಿಸೋದು. ಮೂವತ್ತು ಮಗ್ಗ ಆಚೆ ಇರೋನ ಜೊತೆ ಜಗಳ ಆಡಬಹುದು. ಅಪ್ಪನಿಗೆ ಕಿವಿ ಹೋದ ಮೇಲೆ ಮನೆಯಲ್ಲೂ ಹಾಗೇ. ಅಮ್ಮನೂ ಕಲಿತಳು, ನಾನು ಮಾತಿಗಿಂತ ಮೊದಲು ಅದನ್ನೇ ಕಲಿತೆ. ಅಪ್ಪ ಅಮ್ಮ ದಿನಾ ಕಿತ್ತಾಡ್ತಿದ್ರು, ಗೋಡೆ ಆಚೆ ಇದ್ದವರು ಮಾತ್ರ ನಮ್ಮದು ತುಂಬಾ ತಣ್ಣಗಿನ ಸಂಸಾರ ಅಂದ್ಕೊಂಡಿದ್ರು. ವಿನ್ಯಾಸಕ ನಕ್ಕಿದ್ದ, ಟೀ ಆರಿಹೋಗಿತ್ತು, ಪುಸ್ತಕ ತೆಗೆದು ಬರೆದುಕೊಂಡಿದ್ದ. ಬರೆದುಕೊಳ್ಳುವುದನ್ನು ನೋಡುತ್ತ ಅವನಿಗೆ ಎದೆ ಉಬ್ಬಿತ್ತು. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಎದ್ದು ನಿಂತು ಪಾಠ ಓದು ಎಂದಾಗ ಅವನು ಓದಿದ್ದ, ಪೂರ್ತಿ ಪುಟ, ಒಂದಕ್ಷರ ಬಿಡದೆ. ದನಿ ಹೊರಗೆ ಹೋಗಬೇಕು ಎಂಬುದು ಮಾತ್ರ ಗಾಬರಿಯಲ್ಲಿ ಮರೆತಿತ್ತು. ಅಣಕಿಸುತ್ತಾನೆ ಎಂದು ಮೇಷ್ಟ್ರು ಡಸ್ಟರಿನಿಂದ ಬಾಯಿಗೇ ಹೊಡೆದರು. ಸುಣ್ಣದ ರುಚಿ, ಮೇಲೆ ರಕ್ತದ ರುಚಿ. ಮೂಕಿ ಸಿನಿಮಾ ಎಂದು ಹೆಸರು ಬಿತ್ತು. ಮರುವಾರದಿಂದ ಅವನು ಶಾಲೆಯ ದಾರಿ ಬಿಟ್ಟು ರೇಡಿಯೋ ರಿಪೇರಿ ಅಂಗಡಿಯ ದಾರಿ ಹಿಡಿದ. ಜಗತ್ತಿನಲ್ಲಿ ಒಬ್ಬನಾದರೂ ಆ ಬಾಯಿಮಾತಿನಲ್ಲಿ ಏನೋ ಬೆಲೆಯಿದೆ ಎಂದು ಬರೆದುಕೊಳ್ಳುತ್ತಿದ್ದಾನಲ್ಲ ಎಂದು, ಅಪ್ಪನನ್ನು ಆ ಹಾಳೆಗಳ ಮೇಲೆ ಚೂರು ಚೂರಾಗಿ ಹರಡಿಕೊಟ್ಟಿದ್ದ. ಈಗ ಅದೇ ಚೂರು ತಿರುಗಿ ಹನ್ನೊಂದು ಜನರ ಮುಂದೆ ಅವನ ಮುಖಕ್ಕೆ ಬಂದು ಬಿತ್ತು. ಕೊಟ್ಟವನು ತಾನೇ, ಬೈಯುವುದು ಯಾರನ್ನು?

ಅಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಗಾಜಿನಾಚೆ, ಹಾಲ್‌ನ ಕೊನೆಯ ಗೋಡೆಯ ಮೇಲೆ, ಬಣ್ಣದವನು ಚಿನ್ನದ ಅಕ್ಷರಗಳಿಗೆ ಕೊನೆಯ ಕೈ ಕೊಡುತ್ತಿದ್ದ. 'ಮಿಲ್ಲು ನಮ್ಮ ತಾಯಿ.' ಒಂದೊಂದು ಅಕ್ಷರ ಒಂದು ಮೊಳ. ಅದರ ಮೇಲೆ ಹನ್ನೆರಡು ಅಡಿಯ ಅಪ್ಪನ ಮುಖ ಬರುತ್ತದೆ, ದನಿಯಿಲ್ಲದೆ ಬಾಯಿ ಆಡಿಸುತ್ತದೆ, ಕೆಳಗೆ ಆ ಮಾತಿನ ಅರ್ಥ. ಆ ಮಾತು ಅಪ್ಪನದಲ್ಲ. ಅದನ್ನು ತಿಳಿದವನು ಈ ಕಟ್ಟಡದಲ್ಲಿ ಈ ಹೊತ್ತಿಗೆ ಅವನೊಬ್ಬ. ನಾಲ್ಕು ಗಂಟೆಗೆ ಹಳಬರು ಬಂದರೆ ಮೂವತ್ತು ಜನ ಆಗುತ್ತಾರೆ.

ಚಿತ್ರ ತೆಗೆದ ದಿನ ಅಪ್ಪನಿಗೆ ಅವನೇ ಅಂಗಿ ಇಸ್ತ್ರಿ ಮಾಡಿ ಹಾಕಿಸಿ ಕರೆತಂದಿದ್ದ. ಸ್ಟೂಲಿನ ಮೇಲೆ ಕೂರಿಸಿ, ನಾಲ್ಕು ದೀಪ ಮುಖಕ್ಕೆ ಹಿಡಿದು, ಒಂದೂವರೆ ಗಂಟೆ. ಬೆಳಕು ಸರಿಯಿಲ್ಲ, ನೆರಳು ಸರಿಯಿಲ್ಲ, ಗದ್ದ ಎತ್ತಿ, ಕೈ ಮೊಣಕಾಲ ಮೇಲೇ ಇರಲಿ, ಅಲುಗಾಡಿಸಬೇಡಿ. ಅಪ್ಪನಿಗೆ ಅರವತ್ತೆರಡು. ಹೊರಡುವಾಗ ಅಮ್ಮ ಒಂದು ದೊಡ್ಡ ಲೋಟ ನೀರು ಕುಡಿಸಿದ್ದಳು. ಕ್ಯಾಮೆರಾ ಓಡತೊಡಗಿತು, ಮಿಲ್ಲಿನಲ್ಲಿ ಮಾತಾಡ್ತಿದ್ರಲ್ಲ ಹಾಗೆ ಏನಾದ್ರೂ ಹೇಳಿ ಎಂದು ವಿನ್ಯಾಸಕ ಕೈ ಮಾಡಿದ. ಅಪ್ಪ ಕ್ಯಾಮೆರಾ ನೋಡಲಿಲ್ಲ. ಅದರ ಹಿಂದೆ ನಿಂತಿದ್ದ ಮಗನನ್ನು ನೋಡಿದ. ಮುಖದ ಒಂದೊಂದು ಗೆರೆಯೂ ಎಳೆದು ಬಿಗಿಯಾಗಿ, ತುಟಿ ಅಗಲ ಮಾಡಿ, ಬಿಡಿಬಿಡಿಯಾಗಿ ಹೇಳಿದ: 'ಬಿಲ್ಲೆ ಯಾರ ಹತ್ರ ಇದೆ? ಬೇಗ ಕೇಳೋ.'

ಬಿಲ್ಲೆ ಎಂದರೆ ಅಂಗೈಯಗಲದ ಹಿತ್ತಾಳೆಯ ತುಂಡು, ಮೇಲೆ ಒಂದು ತೂತು. ಇಪ್ಪತ್ತು ಮಗ್ಗದ ಸಾಲಿಗೆ ಒಂದೇ ಒಂದು. ಅದು ಕೈಯಲ್ಲಿದ್ದವನು ಮಾತ್ರ ಮಗ್ಗ ಬಿಟ್ಟು ಪಾಯಿಖಾನೆಗೆ ಹೋಗಬಹುದು, ಐದು ನಿಮಿಷ, ಮೇಸ್ತ್ರಿಯ ಗಡಿಯಾರದಲ್ಲಿ. ಹೋದವನು ಬರುವ ತನಕ ಉಳಿದ ಹತ್ತೊಂಬತ್ತು ಜನ ಕಾಲು ಕಾಲಿಗೆ ತಿಕ್ಕಿಕೊಂಡು ನಿಲ್ಲಬೇಕು. ಹಾಗಾಗಿ ಆ ಹಾಲ್‌ನಲ್ಲಿ, ಮೂವತ್ತು ವರ್ಷ, ಎಲ್ಲ ಬಾಯಿಗಳಲ್ಲೂ ಎಲ್ಲಕ್ಕಿಂತ ಹೆಚ್ಚು ಸಲ ಆಡಿದ ಮಾತು ಪ್ರೀತಿಯದಲ್ಲ, ಹೋರಾಟದ್ದೂ ಅಲ್ಲ, ಇದು. ಮನೆಯಲ್ಲೂ ಇದೇ ಉಳಿದಿತ್ತು. ನೆಂಟರ ಮದುವೆಯಲ್ಲಿ ಅಪ್ಪ ದೂರದಿಂದ ಬಾಯಿ ಆಡಿಸಿದರೆ ಅಮ್ಮ ಎದ್ದು ಯಾರನ್ನೋ ಹಿಂದುಗಡೆ ದಾರಿ ಕೇಳುತ್ತಿದ್ದಳು.

ವಿನ್ಯಾಸಕ ಕುರ್ಚಿಯಿಂದ ಎದ್ದಿದ್ದ. "ಮಿಲ್ಲು ಅಂದ್ರು ಅಲ್ವಾ? ನನಗೇ ಕಾಣಿಸ್ತು. ಮಿಲ್ಲು ಏನು? ಮುಂದೇನಂದ್ರು?" ತುಟಿಗೆ ಬಕಾರವೂ ಮಕಾರವೂ ಒಂದೇ, ಎರಡಕ್ಕೂ ಬಾಯಿ ಮುಚ್ಚಿ ತೆರೆಯುತ್ತದೆ. ಕೊನೆಗೆ ತುಟಿ ಅಗಲವಾದರೆ ಬಿಲ್ಲೆ, ಮುಂದಕ್ಕೆ ಬಂದರೆ ಮಿಲ್ಲು. ಅದನ್ನು ಮಿಲ್ಲಿನವರ ಮನೆಯಲ್ಲಿ ಹುಟ್ಟಿದವರು ಬೇರೆ ಮಾಡಬಲ್ಲರು, ಬೇರೆಯವರಿಗೆ ತಮಗೆ ಬೇಕಾದದ್ದು ಕಾಣುತ್ತದೆ. ಇಡೀ ಕೋಣೆ ಅವನ ಕಡೆ ತಿರುಗಿತು. ಕ್ಯಾಮೆರಾದವನು, ದೀಪದವನು, ಮುಖಕ್ಕೆ ಪೌಡರು ಹಚ್ಚುವವಳು. ಅಪ್ಪನಿಗೆ ಒಂದಕ್ಕೆ ಬಂದಿದೆ ಸರ್ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾಲ್ಕು ಪದ. ಆ ನಾಲ್ಕು ಪದಕ್ಕೆ ದನಿ ಬರಲಿಲ್ಲ, ಎಂಟನೇ ಕ್ಲಾಸಿನಲ್ಲಿ ಬಾರದ ಹಾಗೆ. ಬದಲಿಗೆ ಬೇರೆ ಯಾವುದೋ ಮಾತು, ಎಲ್ಲೋ ಒಳಗೆ ಕೊಳೆಯುತ್ತ ಬಿದ್ದಿದ್ದು, ದನಿ ಸಮೇತ ಹೊರಗೆ ಬಂತು. "ಮಿಲ್ಲು ನಮ್ಮ ತಾಯಿ ಅಂದ್ರು ಸರ್." ವಿನ್ಯಾಸಕನ ಕಣ್ಣು ತೇವವಾಯಿತು. ಪೌಡರಿನವಳು ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟಿದರು. ಅಪ್ಪ, ತನಗೆ ಯಾಕೆ ಚಪ್ಪಾಳೆ ಎಂದು ತಿಳಿಯದೆ, ಮಗನ ಮುಖದ ಮೇಲೇ ಕಣ್ಣಿಟ್ಟು ಕೂತಿದ್ದ. ಆ ಚಪ್ಪಾಳೆ ಮುಗಿಯುವ ಹೊತ್ತಿಗೆ ಕಂದು ಪ್ಯಾಂಟಿನ ತೊಡೆಯ ಮೇಲೆ ಒಂದು ಕಪ್ಪು ಕಲೆ ಹುಟ್ಟಿ, ಮೊಣಕಾಲಿನ ಕಡೆ ನಿಧಾನವಾಗಿ ಹೊರಟಿತ್ತು. ಅವನು ಯಂತ್ರಕ್ಕೆ ಮುಚ್ಚಿದ್ದ ಬಟ್ಟೆ ಎಳೆದು, ಅಪ್ಪನಿಗೆ ಚಳಿ ಎಂದು ಸುಳ್ಳು ಹೇಳಿ, ಸುತ್ತಿದ. ಯಾರೂ ನೋಡಲಿಲ್ಲ. ಮನೆಗೆ ಹೋಗುವ ಬಸ್ಸು ಖಾಲಿ ಇತ್ತು. ಅಪ್ಪ ಕೂರಲಿಲ್ಲ, ಹನ್ನೊಂದು ಸ್ಟಾಪು ಕಂಬಿ ಹಿಡಿದು ನಿಂತೇ ಬಂದ. ತುಟಿ ಎರಡೂ ಒಂದರ ಮೇಲೊಂದು ಮಡಚಿಟ್ಟ ಬಟ್ಟೆಯ ಹಾಗಿದ್ದವು.

ತಾಯಿ ಎಂಬ ಆ ಮಾತು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ಅದಕ್ಕೂ ತಾನೇ ಸಿಕ್ಕಿದ್ದ. ಮಿಲ್ಲಿಗೆ ಬೀಗ ಹಾಕಿದ ದಿನ ಗೇಟಿನ ಮುಂದೆ ಅಪ್ಪನ ಹೆಗಲ ಮೇಲೆ ಕೂತಿದ್ದ, ಒಂಬತ್ತು ವರ್ಷ. ಆಫೀಸಿನವನೊಬ್ಬ ಕುರ್ಚಿ ಹತ್ತಿ, ಕಹಳೆಯಂಥ ಮೈಕು ಬಾಯಿಗೆ ಹಿಡಿದು ಭಾಷಣ ಮಾಡಿದ. ಮೈಕು ತುಟಿಗೆ ಅಡ್ಡ ಇತ್ತು. ಮಗ್ಗದ ಸದ್ದಿಗೆ ಕಿವಿ ಹೋದ ಮುನ್ನೂರು ಜನ ಕತ್ತು ಚಾಚಿ ನೋಡುತ್ತಿದ್ದಾರೆ, ಒಬ್ಬರಿಗೂ ಒಂದು ಮಾತೂ ತಿಳಿಯುತ್ತಿಲ್ಲ. ಏನಂತಾನೆ ಎಂದು ಅಪ್ಪ ಕೆನ್ನೆ ತಟ್ಟಿ ಕೇಳಿದಾಗ ಅವನು ಬಗ್ಗಿ, ತಲೆಕೆಳಗಾದ ತುಟಿಯಲ್ಲಿ, ಒಪ್ಪಿಸಿದ್ದ: ಮಿಲ್ಲು ನಿಮ್ಮ ತಾಯಿ ಅಂತೆ, ತಾಯಿಗೆ ವಯಸ್ಸಾಯ್ತಂತೆ, ಅಳಬಾರದಂತೆ. ಅಪ್ಪ ಪಕ್ಕದವರಿಗೆ ದಾಟಿಸಿದ, ಅವರು ಪಕ್ಕದವರಿಗೆ. ಆ ಮಾತು ಒಂದು ಬಾಯಿಂದ ಇನ್ನೊಂದಕ್ಕೆ ಗೇಟಿನಿಂದ ರಸ್ತೆಯ ತನಕ ಹೋದದ್ದನ್ನು ಅವನು ಮೇಲಿನಿಂದ ನೋಡಿದ್ದ. ಹೋದ ಕಡೆಯೆಲ್ಲ ಮುಖಗಳು ಒಂದೇ ಥರ ಮುಚ್ಚಿಕೊಂಡವು. ಆ ದಿನ ಅಪ್ಪ ವಾಪಸು ಬರುವಾಗ ಜೇಬಿನಲ್ಲಿ ಅವರ ಸಾಲಿನ ಬಿಲ್ಲೆ ಇತ್ತು. ಕೇಳುವವರಿಲ್ಲ ಎಂದು ಎತ್ತಿಕೊಂಡು ಬಂದಿದ್ದ. ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ. ಅಮ್ಮ ಅದರ ಮೇಲೆ ಬೀಗದ ಕೈ ತಗುಲಿಸುತ್ತಿದ್ದಳು.

ಚಿತ್ರ ತೆಗೆದ ಒಂದು ತಿಂಗಳಿಗೆ, ಹಳೆಯ ಸಾಮಾನು ಏನಿದ್ದರೂ ತನ್ನಿ, ಮುಟ್ಟುವ ಕೋಣೆಗೆ ಬೇಕು ಎಂದು ವಿನ್ಯಾಸಕ ಹೇಳಿಕಳಿಸಿದಾಗ ಅಪ್ಪನೇ ಎದ್ದು ಹೋಗಿ ಬೀಗದ ಕೈ ತೆಗೆದು ಪಕ್ಕಕ್ಕಿಟ್ಟು ಬಿಲ್ಲೆಯನ್ನು ಅವನ ಕೈಗೆ ಕೊಟ್ಟ. 'ಕೊಡು. ಅವರಿಗೂ ಬೇಕಾಗತ್ತೆ' ಎಂದ. ಮುಖದಲ್ಲಿ ನಗುವಿರಲಿಲ್ಲ. ಅಪ್ಪ ತಮಾಷೆ ಮಾಡುವಾಗ ಮುಖದಲ್ಲಿ ಯಾವತ್ತೂ ನಗುವಿರುವುದಿಲ್ಲ. ವಿನ್ಯಾಸಕ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ, ಕೆನ್ನೆಗೆ ತಾಗಿಸಿಕೊಂಡ. "ಆಹಾ, ಎಷ್ಟು ತಣ್ಣಗಿದೆ. ಏನಂತಾರೆ ಇದಕ್ಕೆ? ಬಿಲ್ಲೆ? ಹಾಜರಿ ಬಿಲ್ಲೆ ತಾನೆ?" ಅವನು ತಿದ್ದಲಿಲ್ಲ. ತಿದ್ದದಿದ್ದದ್ದು ಈ ಸಲ ನಾಚಿಕೆಯಿಂದಲ್ಲ. ಆ ಕೆನ್ನೆಗೆ ಅದು ತಾಗಿದ್ದನ್ನು ನೋಡಿ ಎಲ್ಲೋ ಒಂದು ಕಡೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಅದೇ ಅಳತೆ, ಅದೇ ತೂಕ, ಇನ್ನೂರು ಮಾಡಿಸಿದರು. ಒಳಗೆ ಬರುವವರ ಕೊರಳಿಗೆ ನೀಲಿ ದಾರದಲ್ಲಿ ಒಂದೊಂದು. ಸ್ಪರ್ಶ ಬಾಗಿಲಿನಿಂದಲೇ ಶುರುವಾಗಬೇಕಂತೆ. ಕೆಲಸದವರಿಗೂ ಕೊಟ್ಟಿದ್ದರು. ಬೆಳಗಿನಿಂದ ಅವನ ಎದೆಯ ಮೇಲೂ ಒಂದು ತೂಗುತ್ತಿತ್ತು.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬುತ್ತಿ ಬಿಚ್ಚಿಕೊಂಡು ಗೂಡಿನ ಬಾಗಿಲಲ್ಲಿ ಕೂತ. "ಊಟ ಮಾಡಲ್ವೇನೋ ತಮ್ಮಾ? ಸಿಟ್ಟು ಹೊಟ್ಟೆ ತುಂಬಲ್ಲ."

"ನಗು ಬಂದಿದ್ರೆ ನಕ್ಕುಬಿಡ್ಬೇಕಿತ್ತು ಅಣ್ಣಾ. ವೈರು ಯಾಕೆ ನೋಡ್ತಿದ್ದೆ?"

"ಮನೇಲಿ ಮೂರು ಮಕ್ಕಳಿದಾವೆ, ಅದಕ್ಕೆ ವೈರು ನೋಡ್ತಿದ್ದೆ." ಅಗಿಯುತ್ತ ಗುಂಡಿಯ ಪಕ್ಕದ ಕೆಂಪು ಚೂರನ್ನು ನೋಡಿದ. "ಏನಿದು, ನಿನ್ನ ಲಕ್ಷ್ಮಣರೇಖೆನಾ?"

"ಅಣ್ಣಾ, ಗೋಡೆ ಮೇಲಿರೋದು ಸುಳ್ಳು. ಅಪ್ಪ ಹಂಗಂದಿಲ್ಲ."

"ಗೋಡೆ ಮೇಲೆ ಇಷ್ಟು ದೊಡ್ಡಕ್ಷರದಲ್ಲಿ ಬರೆಯೋದು ಇನ್ನೇನನ್ನ?" ಎಂದು ಎಲೆಕ್ಟ್ರಿಷಿಯನ್ ನಕ್ಕು, ಅವನ ಮುಖ ನೋಡಿ ನಗು ನಿಲ್ಲಿಸಿದ. "ಹೇಳಿಬಿಡು ಹೋಗಿ ಆತನಿಗೆ."

ಹೇಳಬಹುದಿತ್ತು. ನಾನೇ ಸುಳ್ಳು ಹೇಳಿದೆ ಸರ್ ಎಂದರೆ ಆತ ಹೆಗಲ ಮೇಲೆ ಕೈಯಿಟ್ಟು, ಪರವಾಗಿಲ್ಲ, ಅವರು ಅನ್ನದಿದ್ರೂ ಅನ್ನಿಸಿರತ್ತೆ ಎನ್ನುತ್ತಾನೆ. ಚಿತ್ರವನ್ನೇ ಅಳಿಸಬಹುದಿತ್ತು, ಎರಡು ಗುಂಡಿ ಒತ್ತಿದರೆ ಸಾಕು. ಬೆರಳು ಎರಡು ಸಲ ಅಲ್ಲಿಗೆ ಹೋಗಿ ಬಂತು. ಪರದೆಯ ಸಣ್ಣ ಚೌಕದಲ್ಲಿ ಅಪ್ಪ ಕ್ಯಾಮೆರಾದ ಹಿಂದೆ ನಿಂತಿದ್ದ ಅವನನ್ನೇ ನೋಡುತ್ತ ಬಿಲ್ಲೆ ಕೇಳುತ್ತಿದ್ದ. ಮತ್ತೆ ಕೇಳುತ್ತಿದ್ದ. ಮೂರು ನಿಮಿಷಕ್ಕೊಮ್ಮೆ ಕೇಳುತ್ತಿದ್ದ. ಅದನ್ನು ಅಳಿಸಿದರೆ ಆ ಬಾಯನ್ನು ಇನ್ನೊಮ್ಮೆ ಮುಚ್ಚಿಸಿದ ಹಾಗೆ. ಅಳಿಸಬೇಕಾದ್ದು ಕೆಳಗಿನ ಅಕ್ಷರ. ಅದಕ್ಕೆ ಗುಂಡಿ ಇರಲಿಲ್ಲ.

ನಾಲ್ಕಕ್ಕೆ ಹಳಬರು ಬಂದರು. ತೊಳೆದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಮಕ್ಕಳ ಮದುವೆ ಕಾಲದ ಬೂಟು. ಬಾಗಿಲಲ್ಲಿ ನಗುಮುಖದ ಹುಡುಗಿಯರು ಒಬ್ಬೊಬ್ಬರ ಕೊರಳಿಗೂ ಬಿಲ್ಲೆ ಹಾಕಿದರು. ಮೊದಲು ಹಾಕಿಸಿಕೊಂಡವರು ಅಪ್ಪನ ಎಡಗಡೆಯ ಮಗ್ಗದಲ್ಲಿ ಇಪ್ಪತ್ತಾರು ವರ್ಷ ನಿಂತವರು. ಮನೆಯಲ್ಲಿ ಅವರ ಹೆಸರೇ ಪಕ್ಕದ ಮಗ್ಗ. ಪಕ್ಕದ ಮಗ್ಗ ತಗ್ಗಿ ಎದೆಯ ಮೇಲಿನದನ್ನು ನೋಡಿದರು. ತಿರುಗಿಸಿ ನೋಡಿದರು. ಆಮೇಲೆ ಮೊಮ್ಮಗಳ ಕೊರಳು, ವಿನ್ಯಾಸಕನ ಕೊರಳು, ಹೂಗುಚ್ಛ ಹಿಡಿದು ನಿಂತ ದೊಡ್ಡವರ ಕೊರಳು, ಒಂದೊಂದನ್ನೂ ನೋಡುತ್ತ ಬಂದು, ಅಪ್ಪನ ಕಡೆ ತುಟಿ ಆಡಿಸಿದರು: 'ನಮಗೆ ಇಪ್ಪತ್ತು ಜನಕ್ಕೆ ಒಂದಿತ್ತು. ಇವರಿಗೆ ತಲೆಗೊಂದು. ಏನು ಭೇದಿಯೇನೋ ಪಾಪ.' ಮೂವತ್ತು ಮುದುಕರ ಭುಜ ಒಟ್ಟಿಗೆ ಅಲುಗಿತು. ದನಿಯಿಲ್ಲ. ಮೊಮ್ಮಗಳು ಪಕ್ಕದವರಿಗೆ, ಪಾಪ, ಭಾವುಕರಾಗಿದಾರೆ ಎಂದಳು. ಗಾಜಿನ ಹಿಂದಿನಿಂದಲೂ ಅವನಿಗೆ ಅದು ಕಂಡಿತು.

ಆದರೆ ನೇಯ್ಗೆ ಹಾಲ್‌ಗೆ ಬಂದ ಮೇಲೆ ಅವರೆಲ್ಲ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತವರ ಹಾಗಾದರು. ಕೆಂಪು ಟೇಪಿನೊಳಗಿನ ಮಗ್ಗ ಮಳೆಯ ಹಾಗೆ ಜಿನುಗುತ್ತಿತ್ತು. ಅವರ ಪಾಲಿಗೆ ಅದು ಇರಲೇ ಇಲ್ಲ. ಸುತ್ತಲಿನವರಿಗೆ ಕೇಳಿಸುವ, ತಮಗೆ ಕೇಳಿಸದ ಏನೋ ಒಂದಕ್ಕೆ ತಲೆದೂಗುತ್ತ ನಿಂತರು. ಬಿಲ್ಲೆ ತೊಟ್ಟ ಹೆಂಗಸೊಬ್ಬಳು ಅಪ್ಪನ ಕಿವಿಯ ಹತ್ತಿರ ಬಂದು, "ಅಜ್ಜಾ, ಎಲ್ಲಾ ನೆನಪಾಗ್ತಿದೆಯಾ?" ಎಂದು ಕೂಗಿದಳು, ಮಗುವಿಗೆ ಕೂಗುವ ಹಾಗೆ. ಅಪ್ಪ ಕೈಮುಗಿದ. ಅಪ್ಪ ಯಾಕೆ ಕೈಮುಗಿಯಬೇಕು? ಇದೇ ನೆಲದ ಮೇಲೆ ಮೇಸ್ತ್ರಿಯ ಅಪ್ಪಂದಿರಿಗೆಲ್ಲ ತುಟಿಯಲ್ಲೇ ನೀರಿಳಿಸುತ್ತಿದ್ದವನು. ದೀಪ ಮಂಕಾಯಿತು. ಗೋಡೆಯ ಮೇಲೆ ಅಪ್ಪನ ಮುಖ ಬಂತು, ಬಾಗಿಲಷ್ಟು ದೊಡ್ಡ ಬಾಯಿ, ಹಲ್ಲುಗಳ ನಡುವಿನ ಕಚ್ಚು. ವಿನ್ಯಾಸಕ ಮೈಕು ಹಿಡಿದ. ಬಾಯಿಗೆ ಅಡ್ಡ ಹಿಡಿದ. ಚಿನ್ನದ ಅಕ್ಷರಗಳನ್ನು ತೋರಿಸುತ್ತ ಓದಿದ. ಅಪ್ಪನ ಓದು ನಿಧಾನ. ಮಿ, ಲ್ಲು, ಎಂದು ಅಕ್ಷರದ ಹಿಂದೆ ಅಕ್ಷರ ಕಣ್ಣು ನಡೆಸಿಕೊಂಡು ಹೋಗುವುದು ಕಾಣುತ್ತಿತ್ತು. ಕೊನೆಗೆ ಮುಟ್ಟಿ, ಮತ್ತೆ ಮೊದಲಿನಿಂದ ಓದಿದ. ಪಕ್ಕದ ಮಗ್ಗ ಅಪ್ಪನ ಮುಖ ನೋಡಿದರು, ಗೋಡೆ ನೋಡಿದರು, ಮತ್ತೆ ಅಪ್ಪನ ಮುಖ ನೋಡಿದರು. ಅಪ್ಪ ತಿರುಗಿ ಗಾಜಿನ ಗೂಡಿನ ಕಡೆ ನೋಡಿದ.

ಅವನು ಗುಂಡಿ ತಿರುಗಿಸಿದ. ಕೆಂಪು ಟೇಪು ಬೆರಳಿಗೆ ತಗುಲಿ ಕಿತ್ತುಬಂತು. ಎಂಬತ್ತು, ತೊಂಬತ್ತು, ನೂರು, ನೂರಾ ಎರಡು. ಇನ್ನೂರ ನಲವತ್ತು ಮಗ್ಗ ಒಟ್ಟಿಗೆ ಲಾಳಿ ಒಗೆದವು. ಗಾಜು ನಡುಗಿತು, ಮೇಜಿನ ಮೇಲಿನ ಲೋಟದಲ್ಲಿ ನೀರು ಉಂಗುರ ಉಂಗುರವಾಯಿತು. ಎರಡು ತಿಂಗಳು ಊರೂರು ಅಲೆದು, ಉಳಿದಿದ್ದ ಎರಡೇ ಎರಡು ಹಳೆಯ ಮಗ್ಗ ಹುಡುಕಿ, ಸದ್ದಿನ ಮೇಲೆ ಸದ್ದು ಪೇರಿಸಿ ಅವನು ಕಟ್ಟಿದ ಗೋಡೆ ಅದು. ದೊಡ್ಡವರು ಕಿವಿ ಮುಚ್ಚಿಕೊಂಡು ಬಾಗಿಲ ಕಡೆ ಸರಿದರು. ಹೂಗುಚ್ಛಗಳು ಬಿದ್ದವು. ವಿನ್ಯಾಸಕನ ಬಾಯಿ ತೆರೆದು ಮುಚ್ಚುತ್ತಿತ್ತು, ಮೈಕಿನಿಂದ ಏನೂ ಬರುತ್ತಿರಲಿಲ್ಲ. ಜೀವನವಿಡೀ ಮೆತ್ತಗೆ ಮಾತಾಡಿದ ತುಟಿ, ಮುದುಕರಿಗೆ ಒಂದಕ್ಷರವೂ ತಿಳಿಯಲಿಲ್ಲ, ಎಂಥ ಮೂಗ. ಮತ್ತು ಹಳಬರಿಗೆ ಸದ್ದು ಕಿವಿಯಿಂದಲ್ಲ, ಪಾದದಿಂದ ಹತ್ತಿತು. ಬೂಟು ಬಿಟ್ಟು ಬಂದವರಿಗೆ ಮೊದಲು. ಕಾಲು ಅಗಲವಾದವು, ಬೆನ್ನು ನೆಟ್ಟಗಾದವು, ಮುಖದ ಸುಕ್ಕೆಲ್ಲ ಬಾಯಿಯ ಕಡೆಗೆ ಬಂದು ಕೆಲಸಕ್ಕೆ ನಿಂತಿತು. ಗೋಡೆಯ ಮೇಲೆ ಹನ್ನೆರಡು ಅಡಿಯ ಅಪ್ಪ ಕೇಳಿದ: 'ಬಿಲ್ಲೆ ಯಾರ ಹತ್ರ ಇದೆ? ಬೇಗ ಕೇಳೋ.'

'ನನ್ನ ಹತ್ರ ಇಲ್ಲ ಮಾರಾಯ,' ಎಂದರು ಪಕ್ಕದ ಮಗ್ಗ, ಗೋಡೆಗೆ.

'ಮೇಸ್ತ್ರಿ ಜೇಬಲ್ಲಿ ನೋಡು.'

'ತಡಕೋ, ನಾನು ಬೆಳಿಗ್ಗೆಯಿಂದ ತಡಕೊಂಡಿದೀನಿ.'

'ಅಗೋ, ಯಜಮಾನರ ಮೊಮ್ಮಗಳ ಕೊರಳಲ್ಲಿದೆ. ಬಿಚ್ಚಿಕೊಡಮ್ಮ, ಮುದುಕನಿಗೆ ಅರ್ಜೆಂಟು.'

ಹಾಲ್‌ನ ಈ ತುದಿಯಿಂದ ಆ ತುದಿಗೆ, ಹದಿನಾಲ್ಕು ವರ್ಷ ಮಡಚಿಟ್ಟಿದ್ದ ಬಾಯಿಗಳೆಲ್ಲ ಬಿಚ್ಚಿಕೊಂಡು, ಕಿವಿ ಮುಚ್ಚಿಕೊಂಡ ಜನರ ತಲೆಯ ಮೇಲಿಂದ ಬೈಗುಳ, ತಮಾಷೆ, ಯೋಗಕ್ಷೇಮ ಹಾರಾಡಿದವು. ಅವನು ಗೂಡಿನಿಂದ ಹೊರಗೆ ಬಂದು ಬಾಗಿಲೆಳೆದ. ಅದು ಎಳೆದರೆ ಬೀಗ ಬೀಳುವ ಬಾಗಿಲು. ಕೀಲಿ ಅವನ ಜೇಬಿನಲ್ಲಿತ್ತು.

ಅಪ್ಪ ನಗುವವರ ನಡುವೆ ನಗದೆ ನಿಂತಿದ್ದ. ಅವನು ಹತ್ತಿರ ಬರುವ ತನಕ ಕಾದು, ಚಿನ್ನದ ಅಕ್ಷರದ ಕಡೆ ಗದ್ದ ಎತ್ತಿ ಕೇಳಿದ: 'ಗೇಟಲ್ಲಿ ಆ ಮೈಕಿನವನು ಆಡಿದ ಮಾತು ಅದು. ನನ್ನ ಬಾಯಿಗೆ ಯಾರು ಹಾಕಿದ್ರು?'

'ನಾನು,' ಎಂದ ಅವನು. ಹದಿನಾಲ್ಕು ವರ್ಷದ ಹಿಂದೆ ಒಪ್ಪಿಸಿದ ಹಾಗಲ್ಲದೆ, ತಲೆ ನೆಟ್ಟಗಿಟ್ಟು, ತುಟಿ ಬಿಡಿಸಿ. 'ನಾನೇ ಅಪ್ಪಾ. ನಾಚಿಕೆಯಾಗಿತ್ತು.'

ಅಪ್ಪ ಆ ತುಟಿಗಳನ್ನು ನೋಡಿದ, ಅವು ನಿಂತ ಮೇಲೂ ನೋಡಿದ. ಮಗ್ಗಗಳು ಹೊಡೆಯುತ್ತಲೇ ಇದ್ದವು. ಆಮೇಲೆ ಮುಖದಲ್ಲಿ ಒಂದು ಗೆರೆಯೂ ಸಡಿಲವಾಗದೆ ಕೇಳಿದ: 'ಅದಿರ್ಲಿ. ಈಗ ಬಿಲ್ಲೆ ಯಾರ ಹತ್ರ ಇದೆ?'

ಅಪ್ಪನ ಎದೆಯ ಮೇಲೂ ಒಂದು ತೂಗುತ್ತಿತ್ತು. ಆದರೂ ಅವನು ತನ್ನ ಕೊರಳಿನ ದಾರ ತಲೆಯಿಂದ ಎತ್ತಿ ತೆಗೆದು, ಹಿತ್ತಾಳೆಯನ್ನು ಅಪ್ಪನ ಅಂಗೈಗೆ ಇಟ್ಟು, ಬೆರಳು ಮಡಚಿದ. ಅದು ಬೆಳಗಿನಿಂದ ಮೈಗೆ ತಾಗಿ ಬೆಚ್ಚಗಾಗಿತ್ತು. ಅಷ್ಟರಲ್ಲಿ ವಿನ್ಯಾಸಕ ಜನರನ್ನು ಸರಿಸಿಕೊಂಡು ಬಂದು ಅವನ ತೋಳು ಹಿಡಿದು, ಕಿವಿಗೇ ಬಾಯಿಟ್ಟು, ಜನ್ಮದಲ್ಲಿ ಮೊದಲ ಸಲ ಕೂಗುತ್ತಿದ್ದ. "ಕೀಲಿ ಕೊಡೋ. ಏನಂತ ನಗ್ತಿದಾರೆ ಇವರೆಲ್ಲ? ನಿಮ್ಮಪ್ಪ ನಿಜವಾಗಿ ಏನಂದಿದ್ದು? ಏನಂದಿದ್ದು ಹೇಳು."

ಅವನು ತೋಳು ಬಿಡಿಸಿಕೊಂಡ. ಅಪ್ಪನ ಮೊಣಕೈ ಹಿಡಿದು, ಮೊಮ್ಮಗಳನ್ನು ದಾಟಿ, ಬಿದ್ದ ಹೂಗುಚ್ಛಗಳನ್ನು ದಾಟಿ, ಹಿಂಬದಿಯ ಬಾಗಿಲ ಕಡೆ ನಡೆದ. ಅವಸರವಿಲ್ಲದೆ, ಐದು ನಿಮಿಷದ ಗಡಿಯಾರವಿಲ್ಲದೆ, ಅಪ್ಪನ ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು. ಹಿಂದೆ ಆತ ಇನ್ನೂ ಕೇಳುತ್ತಿದ್ದಿರಬೇಕು. ಅವನು ತಿರುಗಲಿಲ್ಲ. ತಿರುಗದವನಿಗೆ ಯಾವ ತುಟಿಯೂ ಕಾಣುವುದಿಲ್ಲ.